ಮನಿ ಪ್ಲಾಂಟಿಗೆ ಮೊದಲು ಕಿಟಕಿ, ನೀರು ಆಮೇಲೆ

ಕೂಸೇ,

ಫೋಟೊ ನೋಡಿದೆ. ಟಿವಿ ಪಕ್ಕದ ಮೂಲೆ, ಬಿಳಿ ಪಿಂಗಾಣಿ ಕುಂಡ, ಅದರಲ್ಲಿ ಜೋತುಬಿದ್ದ ಹಳದಿ ಎಲೆಗಳು, ಕೆಳಗಿನ ತಟ್ಟೆಯಲ್ಲಿ ನಿಂತ ನೀರು. ‘ದಿನಾ ತಪ್ಪದೆ ನೀರು ಹಾಕ್ತಿದೀನಿ ದೊಡ್ಡಪ್ಪ, ಆದ್ರೂ ಯಾಕೆ ಹೀಗೆ?’ ಅಂತ ಕೇಳಿದ್ದೀಯ. ಉತ್ತರ ನಿನ್ನ ಪ್ರಶ್ನೆಯೊಳಗೇ ಇದೆ. ಮೊದಲು ಆ ತಟ್ಟೆಯ ನೀರು ಚೆಲ್ಲು. ಮಣ್ಣು ಒಣಗುವ ತನಕ ಇನ್ನು ಒಂದು ಲೋಟವನ್ನೂ ಹಾಕಬೇಡ. ಆಮೇಲೆ ಪುರಸೊತ್ತು ಮಾಡಿಕೊಂಡು ಇದನ್ನು ಓದು. ಸ್ವಲ್ಪ ಉದ್ದವಿದೆ; ಆಯುಷ್ಯವೆಲ್ಲ ಸಸ್ಯಶಾಸ್ತ್ರ ಪಾಠ ಮಾಡಿದವನಿಗೆ ಚುಟುಕಾಗಿ ಹೇಳಲು ಬರುವುದಿಲ್ಲ.

ನಮ್ಮ ತೋಟದ ಅಂಚಿನಲ್ಲಿರುವ ಹಳೇ ಮಾವಿನ ಮರವನ್ನು ತಬ್ಬಿಕೊಂಡು ಒಂದು ಬಳ್ಳಿ ಮೇಲೆ ಹೋಗಿದೆಯಲ್ಲ, ಮೊರದಗಲ ಎಲೆ, ಅಂಚೆಲ್ಲ ಅಲ್ಲಲ್ಲಿ ಸೀಳಿಕೊಂಡದ್ದು? ಅದು ಮನಿ ಪ್ಲಾಂಟ್. ನಿನ್ನ ಕುಂಡದಲ್ಲಿ ಅಂಗೈಯಷ್ಟೂ ಇಲ್ಲದ ಎಲೆ ಬಿಟ್ಟು ಕೂತಿರುವುದೂ ಅದೇ ಜಾತಿ, ಅದೇ ಗಿಡ. ಮರ ಸಿಕ್ಕಿದ್ದು ದೊಡ್ಡದಾಯಿತು, ಮರ ಸಿಗದ್ದು ಎಳೆಯದಾಗಿಯೇ ಉಳಿಯಿತು. ಪೇಟೆಯ ಮನೆಗಳಲ್ಲಿರುವ ಮನಿ ಪ್ಲಾಂಟುಗಳೆಲ್ಲ ಬಹುಮಟ್ಟಿಗೆ ಬಾಲ್ಯ ದಾಟದ ಬಳ್ಳಿಗಳೇ. ನಾವು ಕೂರಿಸಿದಲ್ಲಿ ಕೂರುತ್ತವೆ ಅಂತ ಅವು ಮನೆಯೊಳಗೇ ಹುಟ್ಟಿದವು ಅಂದುಕೊಳ್ಳಬಾರದು. ಅದರ ಕಾಡು ಹೇಗಿತ್ತು ಅಂತ ಗೊತ್ತಾದರೆ ಅದಕ್ಕೆ ಏನು ಬೇಕು ಅಂತ ಯಾರನ್ನೂ ಕೇಳಬೇಕಾಗಿಲ್ಲ.

ಇದರ ತವರು ಶಾಂತಸಾಗರದ ನಡುವಿನ ಮೊರೆಯಾ ಎಂಬ ಪುಟ್ಟ ದ್ವೀಪ, ತಾಹಿತಿಯ ಪಕ್ಕದ್ದು. 1880ರಲ್ಲಿ ಸಸ್ಯಶಾಸ್ತ್ರಜ್ಞರು ಇದಕ್ಕೆ ‘ಪೋಥೋಸ್ ಆರಿಯಸ್’ ಅಂತ ಹೆಸರಿಟ್ಟರು. ಆಮೇಲೆ ಒಂದು ಕುಲದಿಂದ ಇನ್ನೊಂದಕ್ಕೆ ಎತ್ತಿ ಹಾಕುತ್ತಲೇ ಇದ್ದರು, ಯಾಕೆಂದರೆ ಹೂ ನೋಡದೆ ಕುಲ ನಿರ್ಧಾರ ಮಾಡುವುದು ಕಷ್ಟ, ಇದೋ ಹೂ ಬಿಡುವುದೇ ಇಲ್ಲ. ಅಪರೂಪಕ್ಕೆ 1960ರ ದಶಕದಲ್ಲಿ ಹೂ ಸಿಕ್ಕಿದ ಮೇಲೆ ‘ಎಪಿಪ್ರೆಮ್ನಮ್ ಆರಿಯಮ್’ ಅಂತ ನಿಂತಿತು. ಹೂ ಯಾಕೆ ಬಿಡುವುದಿಲ್ಲ ಅನ್ನುವುದಕ್ಕೂ 2016ರಲ್ಲಿ ಉತ್ತರ ಸಿಕ್ಕಿತು. ಹೂ ಮೂಡಿಸಲು ಬೇಕಾದ ಜಿಬ್ಬರೆಲಿನ್ ಎಂಬ ಹಾರ್ಮೋನನ್ನು ತಯಾರಿಸುವ ಒಂದು ಜೀನ್ ಇದರಲ್ಲಿ ಕೆಲಸ ಮಾಡುವುದಿಲ್ಲ. ಹೊರಗಿನಿಂದ ಆ ಹಾರ್ಮೋನು ಸಿಂಪಡಿಸಿದರೆ ಹೂ ಬರುತ್ತದೆ! ಹೂವಿಲ್ಲ ಅಂದಮೇಲೆ ಬೀಜವಿಲ್ಲ. ನಿನ್ನ ಮನೆಯದೂ ನನ್ನ ಮನೆಯದೂ ಯಾರೋ ಯಾರಿಗೋ ಮುರಿದು ಕೊಟ್ಟ ತುಂಡಿನಿಂದ ತುಂಡಾಗಿ ಸಮುದ್ರ ದಾಟಿ ಬಂದದ್ದು.

ಈಗ ಬೆಳಕಿನ ವಿಚಾರ. ನರ್ಸರಿಯವನು ‘ಕತ್ತಲಲ್ಲೂ ಬರ್ತದೆ ಮೇಡಂ’ ಅಂದಿರಬೇಕು. ಸಾಯುವುದಿಲ್ಲ ನಿಜ. ಆದರೆ ಸಾಯದೇ ಇರುವುದಕ್ಕೂ ಬೆಳೆಯುವುದಕ್ಕೂ ಎಷ್ಟು ವ್ಯತ್ಯಾಸ! ಕಾಡಿನಲ್ಲಿ ಮರದ ಬುಡದಲ್ಲಿ ಹುಟ್ಟಿದ ಬಳ್ಳಿ ನೆರಳು ಸಹಿಸಿಕೊಳ್ಳುವುದು ಮೇಲೆ ಬೆಳಕಿದೆ ಎಂಬ ಆಸೆಯಿಂದ. ಎಲೆಗಳ ನಡುವೆ ಸೋಸಿ ಬರುವ ಬಿಸಿಲು ಅದರ ಆಹಾರ. ಮನೆಯಲ್ಲಿ ಅದಕ್ಕೆ ಸರಿಹೊಂದುವುದು ಕಿಟಕಿಯಿಂದ ಮೂರು ನಾಲ್ಕು ಅಡಿಯೊಳಗಿನ ಜಾಗ. ಪೂರ್ವದ ಕಿಟಕಿಯಾದರೆ ಬೆಳಗಿನ ಎಳೆ ಬಿಸಿಲು ಎಲೆ ಮೇಲೆ ಬಿದ್ದರೂ ತೊಂದರೆಯಿಲ್ಲ. ಪಶ್ಚಿಮದ್ದಾದರೆ ತೆಳ್ಳಗಿನ ಪರದೆ ಇರಲಿ. ಮಾರ್ಚ್–ಏಪ್ರಿಲ್ ಮಧ್ಯಾಹ್ನದ ಬಿಸಿಲು ಗಾಜಿನ ಮೂಲಕ ಬಂದು ಎಲೆ ಮೇಲೆ ಕಂದು ಕಲೆ ಸುಟ್ಟುಬಿಡುತ್ತದೆ. ಬೆಂಗಳೂರಿನ ಎಷ್ಟೋ ಮನೆಗಳಲ್ಲಿ ಕಿಟಕಿ ತೆಗೆದರೆ ಕೈಗೆ ಸಿಗುವುದು ಪಕ್ಕದ ಕಟ್ಟಡದ ಗೋಡೆ. ಹಾಗಿದ್ದರೆ ಕಿಟಕಿಯ ದಂಡೆಯ ಮೇಲೇ ಇಡು, ಒಂದಡಿಯೂ ಒಳಗೆ ಬೇಡ. ಜಾಗ ಸರಿಯೋ ತಪ್ಪೋ ನೋಡಲು ಯಂತ್ರ ಬೇಡ. ಮಧ್ಯಾಹ್ನ ಹನ್ನೆರಡಕ್ಕೆ ಲೈಟು ಹಾಕದೆ ಅಲ್ಲಿ ಕೂತು ಪತ್ರಿಕೆ ಓದು. ಕಣ್ಣು ಕಿರಿದಾಗದೆ ಓದಲು ಬಂದರೆ ಗಿಡಕ್ಕೂ ಸಾಕು.

ಬೆಳಕು ಸಾಲದಿದ್ದರೆ ಬಳ್ಳಿ ತಾನೇ ಹೇಳುತ್ತದೆ, ನೋಡುವ ಕಣ್ಣು ಬೇಕು ಅಷ್ಟೆ. ಒಂದು ಎಲೆಗೂ ಮುಂದಿನ ಎಲೆಗೂ ನಡುವಿನ ಅಂತರ ಗೇಣುದ್ದ ಆಗುತ್ತದೆ. ಹೊಸ ಎಲೆ ಹಳೆಯದಕ್ಕಿಂತ ಚಿಕ್ಕದಾಗಿ ಬರುತ್ತದೆ. ಎಲೆ ಮೇಲಿನ ಹಳದಿ ಗೆರೆ, ಬಿಳಿ ಮಚ್ಚೆ ಮಾಯವಾಗಿ ಬರೀ ಹಸಿರಾಗುತ್ತದೆ. ಇದರ ಹಿಂದೆ ಲೆಕ್ಕವಿದೆ. ಹಳದಿ, ಬಿಳಿ ಭಾಗದಲ್ಲಿ ಪತ್ರಹರಿತ್ತು ಇಲ್ಲದಿರುವುದರಿಂದ ಅದು ಊಟ ತಯಾರಿಸುವುದಿಲ್ಲ, ಕೂತು ಉಣ್ಣುತ್ತದೆ. ಬೆಳಕು ಕಮ್ಮಿಯಾದಾಗ ಗಿಡ ಇಂಥ ಅಲಂಕಾರಕ್ಕೆ ಖರ್ಚು ಮಾಡುವುದಿಲ್ಲ. ಅದಕ್ಕೇ ಬಿಳಿ ಹೆಚ್ಚಿರುವ ಮಾರ್ಬಲ್ ಕ್ವೀನ್ ತಳಿಗೆ ಕಿಟಕಿ ಇನ್ನೂ ಹತ್ತಿರ ಬೇಕು, ಅದು ಬೆಳೆಯುವುದೂ ನಿಧಾನ. ಬರೀ ಹಸಿರು ಎಲೆ ಬಿಡತೊಡಗಿದ ಬಳ್ಳಿಯನ್ನು ಬಣ್ಣವಿರುವ ಎಲೆಯ ಗೆಣ್ಣಿನ ತನಕ ಹಿಂದಕ್ಕೆ ಕತ್ತರಿಸಿ ಬೆಳಕಿಗೆ ಸರಿಸಿದರೆ ಮತ್ತೆ ಬಣ್ಣ ಬರುತ್ತದೆ. ಒಂದು ಎಚ್ಚರಿಕೆ: ಮೂಲೆಯಲ್ಲಿದ್ದದ್ದನ್ನು ಒಮ್ಮೆಲೇ ಬಿಸಿಲಿಗೆ ಒಯ್ಯಬೇಡ. ಒಂದು ವಾರ ಅರ್ಧ ದೂರ, ಆಮೇಲೆ ಕಿಟಕಿ.

ಬೆಳಕು ಸರಿಯಾದ ಮೇಲೆ ನೀರು. ಇದೇ ಕ್ರಮದಲ್ಲಿ ಯೋಚಿಸು, ಯಾಕೆಂದರೆ ಗಿಡ ಎಷ್ಟು ನೀರು ಕುಡಿಯಬೇಕು ಅಂತ ತೀರ್ಮಾನಿಸುವುದು ಬೆಳಕು. ಕಿಟಕಿಯಲ್ಲಿದ್ದ ಗಿಡ ನಾಲ್ಕು ದಿನದಲ್ಲಿ ಕುಡಿಯುವುದನ್ನು ಮೂಲೆಯ ಗಿಡ ಹದಿನೈದು ದಿನವಾದರೂ ಮುಗಿಸಲಾರದು. ‘ವಾರಕ್ಕೆ ಎಷ್ಟು ಸಲ?’ ಅನ್ನುವ ಪ್ರಶ್ನೆಗೆ ಅದಕ್ಕೇ ನಾನು ಉತ್ತರ ಕೊಡುವುದಿಲ್ಲ. ಬೆರಳು ಮಣ್ಣಿಗೆ ಹಾಕು. ಎರಡು ಗೆಣ್ಣು ಒಳಗೆ ಹೋಗುವ ತನಕ ಒಣಗಿದ್ದರೆ ನೀರು, ತಂಪು ತಾಗಿದರೆ ಬೇಡ. ಕುಂಡ ಎತ್ತಿ ನೋಡುವ ಅಭ್ಯಾಸವಾದರೆ ಇನ್ನೂ ಸುಲಭ, ಒಣಗಿದ್ದು ಹಗುರ ಇರುತ್ತದೆ. ಹಾಕುವ ದಿನ ಮಾತ್ರ ಜುಗ್ಗತನ ಬೇಡ. ಸಿಂಕಿನಲ್ಲಿಟ್ಟು ಕೆಳಗಿನ ತೂತಿನಿಂದ ನೀರು ಹರಿಯುವಷ್ಟು ಹಾಕು, ಪೂರ್ತಿ ಬಸಿದ ಮೇಲೆ ವಾಪಸ್ ಇಡು. ದಿನಕ್ಕೆ ಅರ್ಧ ಲೋಟದ ಲೆಕ್ಕದಲ್ಲಿ ಹಾಕಿದರೆ ಮೇಲಿನ ಮಣ್ಣು ಸದಾ ಹಸಿ, ಕೆಳಗೆ ಕೆಲವು ಕಡೆ ನೀರೇ ಮುಟ್ಟಿರುವುದಿಲ್ಲ.

ನಿನ್ನ ಪಿಂಗಾಣಿ ಕುಂಡದ ತಳದಲ್ಲಿ ತೂತಿದೆಯೋ ಅಂತ ನೋಡು. ಚಂದ ಕಾಣಲೆಂದು ಮಾರುವ ಎಷ್ಟೋ ಕುಂಡಗಳಿಗೆ ಇರುವುದೇ ಇಲ್ಲ. ಇಲ್ಲದಿದ್ದರೆ ಗಿಡ ನರ್ಸರಿಯ ಪ್ಲಾಸ್ಟಿಕ್ ಕುಂಡದಲ್ಲೇ ಇರಲಿ, ಅದನ್ನು ಪಿಂಗಾಣಿಯೊಳಗೆ ಇಳಿಸಿಡು. ನೀರು ಹಾಕುವಾಗ ಹೊರಗೆ ತೆಗೆ. ತಳಕ್ಕೆ ಜಲ್ಲಿ ಹಾಕಿದರೆ ತೂತು ಬೇಡ ಅನ್ನುವವರಿದ್ದಾರೆ, ನಂಬಬೇಡ. ಜಲ್ಲಿಯಿಂದ ನೀರು ಹೊರಗೆ ಹೋಗುವುದಿಲ್ಲ, ಬೇರಿನ ಹತ್ತಿರಕ್ಕೇ ಕೆಸರು ಏರುತ್ತದೆ.

‘ಬಾಟಲಿಯ ನೀರಿನಲ್ಲೇ ಬದುಕುವ ಬಳ್ಳಿ ಕುಂಡದ ನೀರಿಗೆ ಯಾಕೆ ಸಾಯಬೇಕು?’ ಅಂತ ಎಲ್ಲರೂ ಕೇಳುತ್ತಾರೆ. ನೀನೂ ಕೇಳುತ್ತೀಯ. ಒಳ್ಳೆಯ ಪ್ರಶ್ನೆ. ಬೇರೂ ಉಸಿರಾಡಬೇಕು. ನೀರಿನಲ್ಲೇ ಹುಟ್ಟಿದ ಬೇರು ತನ್ನೊಳಗೆ ಗಾಳಿ ಓಡಾಡುವ ಸಂದುಗಳನ್ನು ಮಾಡಿಕೊಂಡೇ ಬೆಳೆಯುತ್ತದೆ, ನೀನು ನೀರು ಬದಲಿಸಿದಾಗಲೆಲ್ಲ ಹೊಸ ಆಮ್ಲಜನಕವೂ ಸಿಗುತ್ತದೆ. ಮಣ್ಣಿನಲ್ಲಿ ಹುಟ್ಟಿದ ಬೇರಿಗೆ ಆ ಸಿದ್ಧತೆಯಿಲ್ಲ. ಮಣ್ಣಿನ ಕಣಗಳ ನಡುವಿನ ಗಾಳಿಯ ಜಾಗವನ್ನೆಲ್ಲ ನೀರು ತುಂಬಿಕೊಂಡರೆ ಅದು ಉಸಿರುಗಟ್ಟುತ್ತದೆ, ಆಮೇಲೆ ಕೊಳೆಸುವ ಶಿಲೀಂಧ್ರಗಳ ಪಾಲು. ಮಳೆಗಾಲದಲ್ಲಿ ಕಾಳುಮೆಣಸಿನ ಬಳ್ಳಿಯ ಬುಡದಲ್ಲಿ ನೀರು ನಿಂತರೆ ಸೊರಗು ರೋಗ ಬರುತ್ತದೆ ಅಂತ ನಿನ್ನಪ್ಪ ಬಸಿಗಾಲುವೆ ಬಿಡಿಸುತ್ತಾನಲ್ಲ, ಆ ಜಾಗ್ರತೆಯೇ ಇಲ್ಲೂ ಬೇಕು. ಇನ್ನೊಂದು ಅಪಾಯವೂ ಇದೆ. ಬೇರು ಕೊಳೆತ ಗಿಡಕ್ಕೆ ನೀರು ಹೀರಲು ಆಗುವುದಿಲ್ಲ, ಹಾಗಾಗಿ ಎಲೆ ಬಾಡುತ್ತದೆ. ಬಾಡಿದೆ ಅಂತ ನೋಡಿದವರು ಇನ್ನೊಂದು ಚೊಂಬು ಸುರಿಯುತ್ತಾರೆ.

ಎಲ್ಲ ಹಳದಿ ಎಲೆಯೂ ರೋಗವಲ್ಲ. ಬುಡದ ಒಂದೆರಡು ಹಳೇ ಎಲೆ ಆಗಾಗ ಹಣ್ಣಾಗಿ ಉದುರುವುದು ವಯೋಧರ್ಮ. ಒಟ್ಟೊಟ್ಟಿಗೆ ಹಲವು ಎಲೆ ಮೆತ್ತಗಾಗಿ ಹಳದಿ ತಿರುಗಿ, ಮಣ್ಣೂ ಹಸಿಯಿದ್ದರೆ ಬೇರು ಕೊಳೆಯುತ್ತಿದೆ. ಎಲೆ ಸುರುಳಿ ಸುತ್ತಿಕೊಂಡು ಅಂಚು ಗರಿಗರಿಯಾಗಿ ಮಣ್ಣು ಕುಂಡದ ಅಂಚು ಬಿಟ್ಟಿದ್ದರೆ ನೀರು ಸಾಲದು. ಮಣ್ಣು ಸರಿಯಿದ್ದೂ ತುದಿ ಮಾತ್ರ ಕಂದಾಗಿದ್ದರೆ ನೀರಿನ ಉಪ್ಪು ನೋಡು. ಬೋರ್‌ವೆಲ್ ನೀರಾದರೆ ಮಣ್ಣಿನ ಮೇಲೆ ಬಿಳೀ ಪೊರೆ ಕಟ್ಟುತ್ತದೆ. ವಾಟರ್ ಪ್ಯೂರಿಫೈಯರಿನ ಪೈಪಿನಿಂದ ಹೊರಬರುವ ನೀರನ್ನು ದಂಡ ಮಾಡಬಾರದು ಅಂತ ಗಿಡಕ್ಕೆ ಹಾಕುವವರು ಬಹಳ. ಉಪ್ಪೆಲ್ಲ ಸೇರಿ ಬಂದಿರುವುದೇ ಆ ನೀರಿನಲ್ಲಿ. ನೆಲ ಒರೆಸಲು ಬಳಸು, ಕುಂಡಕ್ಕೆ ಬೇಡ. ನಲ್ಲಿ ನೀರು ಕ್ಲೋರಿನ್ ವಾಸನೆ ಬಂದರೆ ರಾತ್ರಿ ಬಕೆಟಿನಲ್ಲಿ ತೆರೆದಿಟ್ಟು ಬೆಳಿಗ್ಗೆ ಹಾಕು. ಮಳೆ ನೀರಿನಷ್ಟು ಒಳ್ಳೆಯದು ಯಾವುದೂ ಇಲ್ಲ. ಬೆಳಿಗ್ಗೆ ಎದ್ದಾಗ ಎಲೆಯ ತುದಿಯಲ್ಲಿ ನೀರ ಹನಿ ನೇತಾಡುತ್ತಿದ್ದರೆ ಹೆದರಬೇಡ. ರಾತ್ರಿ ಹೆಚ್ಚಾದ ನೀರನ್ನು ಬೇರು ಮೇಲಕ್ಕೆ ತಳ್ಳಿದೆ, ಎಲೆ ಹೊರಹಾಕಿದೆ. ದಿನಾ ಹಾಗಾಗುತ್ತಿದ್ದರೆ ನೀರು ಸ್ವಲ್ಪ ಕಡಿಮೆ ಮಾಡು.

ನಿನ್ನ ಗಿಡಕ್ಕೆ ಈಗ ಮಾಡಬೇಕಾದದ್ದು ಇದು. ಮೂರು ನಾಲ್ಕು ದಿನ ಕಾಯ್ದು ಕುಂಡ ಬೋರಲು ಮಾಡಿ ಗಿಡ ಹೊರಗೆ ತೆಗೆ. ಬೇರು ಬಿಳಿ ಅಥವಾ ನಸು ಕೆನೆ ಬಣ್ಣದಲ್ಲಿ ಗಟ್ಟಿಯಾಗಿದ್ದರೆ ಭಯವಿಲ್ಲ. ಕಪ್ಪಾಗಿ, ಹಿಡಿದರೆ ಸಿಪ್ಪೆ ಜಾರಿ ದಾರದಂತೆ ಉಳಿಯುವಂಥದ್ದನ್ನೆಲ್ಲ ಕತ್ತರಿಸಿ ತೆಗೆ. ಮುಕ್ಕಾಲು ಪಾಲು ಬೇರು ಹೋಗಿದ್ದರೆ ಆ ಬುಡದ ಆಸೆ ಬಿಡು, ಮೇಲಿನ ಗಟ್ಟಿ ಬಳ್ಳಿಯಿಂದ ತುಂಡು ಮಾಡಿಕೋ. ಈ ಬಳ್ಳಿಯ ಉಪಕಾರ ಅದೇ, ಬುಡ ಸತ್ತರೂ ತುದಿಯಿಂದ ಮತ್ತೆ ಶುರು ಮಾಡಬಹುದು.

ತುಂಡು ಮಾಡುವಾಗ ಗೆಣ್ಣು ಮುಖ್ಯ. ಎಲೆ ತೊಟ್ಟು ಬಳ್ಳಿಗೆ ಸೇರುವ ಕಡೆ ಕಂದು ಬಣ್ಣದ ಮೊಳೆಯಂಥದ್ದು ಕಾಣುತ್ತದೆ, ಅದು ಬೇರಾಗಲು ಕಾದಿರುವ ಕುಡಿ. ಎರಡು ಮೂರು ಗೆಣ್ಣು ಇರುವ ತುಂಡನ್ನು ಕೊನೆಯ ಗೆಣ್ಣಿನಿಂದ ಸ್ವಲ್ಪ ಕೆಳಗೆ ಕತ್ತರಿಸು, ನೀರಿನಲ್ಲಿ ಮುಳುಗುವ ಎಲೆ ತೆಗೆದುಹಾಕು. ಎರಡು ಮೂರು ವಾರದಲ್ಲಿ ಬೇರು ಕಾಣುತ್ತದೆ. ಬರೀ ಎಲೆ ಕಿತ್ತು ನೀರಿಗಿಟ್ಟರೆ ಬೇರು ಬಂದರೂ ಬರಬಹುದು, ಚಿಗುರು ಬರುವುದಿಲ್ಲ. ಮಣ್ಣಿಗೆ ಬದಲಿಸುವುದಾದರೆ ಬೇರು ಬೆರಳುದ್ದವಾಗುವಾಗಲೇ ಬದಲಿಸು. ತಿಂಗಳುಗಟ್ಟಲೆ ನೀರಿಗೆ ಒಗ್ಗಿದ ಬೇರು ಮಣ್ಣಿಗೆ ಹೋದಾಗ ಮೊದಲ ಎರಡು ವಾರ ಮುನಿಸಿಕೊಳ್ಳುತ್ತದೆ.

ಮಣ್ಣಿನ ಬಗ್ಗೆ ಹೆಚ್ಚು ಹೇಳುವುದೇನೂ ಇಲ್ಲ. ನರ್ಸರಿಯ ಬರೀ ಕೆಂಪು ಮಣ್ಣು ಕುಂಡದಲ್ಲಿ ಇಟ್ಟಿಗೆ ಕಟ್ಟುತ್ತದೆ. ಒಂದು ಪಾಲು ಅದು, ಒಂದು ಪಾಲು ತೆಂಗಿನ ನಾರಿನ ಪುಡಿ, ಒಂದು ಪಾಲು ಎರೆಹುಳು ಗೊಬ್ಬರ, ಮೇಲೆ ಒಂದೆರಡು ಹಿಡಿ ದಪ್ಪ ಮರಳು. ಕುಂಡ ಹಳೆಯದಕ್ಕಿಂತ ಎರಡು ಇಂಚು ದೊಡ್ಡದಿದ್ದರೆ ಸಾಕು. ಮುಂದೆ ಬೆಳೆಯುತ್ತದಲ್ಲ ಅಂತ ಡ್ರಮ್ಮಿನಂಥದ್ದು ತಂದರೆ ಬೇರಿಲ್ಲದ ಕಡೆಯ ಮಣ್ಣು ಒಣಗುವುದೇ ಇಲ್ಲ. ಗೊಬ್ಬರ ಬೇಸಿಗೆಯಿಂದ ಮಳೆಗಾಲದ ಕೊನೆಯ ತನಕ ಎರಡು ತಿಂಗಳಿಗೊಂದು ಹಿಡಿ. ಚಳಿಯಲ್ಲಿ ಬೇಡ. ಹಾಲು ಸಕ್ಕರೆ ಬೆರೆತ ಚಹಾ ಚರಟ, ಹುಳಿ ಮಜ್ಜಿಗೆ ಇವನ್ನೆಲ್ಲ ಮನೆಯೊಳಗಿನ ಕುಂಡಕ್ಕೆ ಹಾಕಿದರೆ ಗಿಡಕ್ಕಿಂತ ಮೊದಲು ಇರುವೆ ಮತ್ತು ಸಣ್ಣ ನೊಣ ಉದ್ಧಾರವಾಗುತ್ತವೆ.

ಇನ್ನು ನಿನ್ನ ಫ್ರಿಜ್ಜಿನ ಮೇಲಿರುವ ಬಾಟಲಿ. ಫೋಟೊದ ಅಂಚಿನಲ್ಲಿ ಅದೂ ಕಂಡಿತು. ನಿನ್ನನ್ನು ನಿಜವಾಗಿ ಗದರಬೇಕಾದದ್ದು ಇದರ ವಿಷಯದಲ್ಲಿ. ಡೆಂಗಿ ಹರಡುವ ಈಡಿಸ್ ಸೊಳ್ಳೆಗೆ ಚರಂಡಿ ಬೇಡ, ಮನೆಯೊಳಗೆ ನೆರಳಿನಲ್ಲಿ ನಿಂತ ತಿಳಿನೀರೇ ಇಷ್ಟ. ಮನಿ ಪ್ಲಾಂಟಿನ ಬಾಟಲಿ ಅದಕ್ಕೆ ಹೇಳಿ ಮಾಡಿಸಿದ ಜಾಗ. ಮೊಟ್ಟೆಯಿಂದ ಹಾರುವ ಸೊಳ್ಳೆಯಾಗಲು ನಮ್ಮ ಹವೆಯಲ್ಲಿ ಎಂಟು ಹತ್ತು ದಿನ ಸಾಕು. ಹಾಗಾಗಿ ವಾರಕ್ಕೊಂದು ಸಲ, ಭಾನುವಾರವೋ ಶುಕ್ರವಾರವೋ ಒಂದು ದಿನ ಗೊತ್ತು ಮಾಡಿಕೊಂಡು, ನೀರು ಪೂರ್ತಿ ಬದಲಿಸಲೇಬೇಕು. ಮೇಲೆ ಒಂದಿಷ್ಟು ಸುರಿದು ತುಂಬಿಸಿದರೆ ಬದಲಿಸಿದಂತೆ ಆಗುವುದಿಲ್ಲ. ಬಾಟಲಿಯ ಒಳಗೋಡೆಯನ್ನು ಬ್ರಷ್ಷಿನಿಂದ ತಿಕ್ಕಲೂ ಬೇಕು. ಈ ಸೊಳ್ಳೆ ಮೊಟ್ಟೆಯಿಡುವುದು ನೀರಿನ ಮಟ್ಟಕ್ಕಿಂತ ಸ್ವಲ್ಪ ಮೇಲೆ, ಗೋಡೆಗೆ ಅಂಟಿಸಿ. ಆ ಮೊಟ್ಟೆ ಒಣಗಿದರೂ ತಿಂಗಳುಗಟ್ಟಲೆ ಜೀವ ಹಿಡಿದುಕೊಂಡಿರುತ್ತದೆ. ಮತ್ತೆ ನೀರು ಮುಟ್ಟಿದ ದಿನ ಒಡೆಯುತ್ತದೆ. ಬಾಟಲಿಯ ಬಾಯಿಗೆ ಬಳ್ಳಿಯ ಸುತ್ತ ಹತ್ತಿ ತುರುಕಿದರೆ ಅಥವಾ ಸೊಳ್ಳೆ ಪರದೆಯ ಬಟ್ಟೆ ಕಟ್ಟಿದರೆ ಇನ್ನೂ ಒಳ್ಳೆಯದು. ಕುಂಡದ ಕೆಳಗಿನ ತಟ್ಟೆ, ಫ್ರಿಜ್ಜಿನ ಹಿಂದೆ ನೀರು ಸೇರುವ ಟ್ರೇ ಕೂಡ ಇದೇ ಲೆಕ್ಕಕ್ಕೆ ಬರುತ್ತವೆ.

ಆಶಾ ಕಾರ್ಯಕರ್ತೆಯರು ಲಾರ್ವಾ ನೋಡಲು ಬಂದಾಗ ‘ನಮ್ಮನೆ ಕ್ಲೀನಾಗಿದೆ’ ಅಂತ ಬಾಗಿಲಲ್ಲೇ ಕಳಿಸುವವರಿದ್ದಾರೆ. ನೀನು ಹಾಗೆ ಮಾಡಬೇಡ, ಒಳಗೆ ಕರೆದು ಬಾಟಲಿ ತೋರಿಸು. 2024ರಲ್ಲಿ ರಾಜ್ಯ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿ, ಸೊಳ್ಳೆ ಹುಟ್ಟಲು ಬಿಟ್ಟ ನಗರದ ಮನೆಗಳಿಗೆ ₹400 ದಂಡವನ್ನೂ ಗೊತ್ತುಮಾಡಿತು. ದಂಡ ದೊಡ್ಡದಲ್ಲ, ಜ್ವರ ದೊಡ್ಡದು. ವಾರಕ್ಕೊಮ್ಮೆ ತೊಳೆಯಲು ನಿನಗೆ ಪುರಸೊತ್ತಿಲ್ಲ ಅಂತಾದರೆ ಬಾಟಲಿಯ ಹಂಗೇ ಬೇಡ, ಅದನ್ನೂ ಮಣ್ಣಿಗೆ ಇಳಿಸಿಬಿಡು. ಇಟ್ಟುಕೊಳ್ಳುವುದೇ ಆದರೆ ಬಣ್ಣದ ಗಾಜಿನ ಬಾಟಲಿ ಒಳ್ಳೆಯದು, ಬೆಳಕು ಕಮ್ಮಿ ಹೋಗುವುದರಿಂದ ಪಾಚಿ ಕಟ್ಟುವುದಿಲ್ಲ. ನೀರಿನಲ್ಲಿ ಆಹಾರವಿಲ್ಲ, ತಿಂಗಳಿಗೊಮ್ಮೆ ದ್ರವ ಗೊಬ್ಬರವನ್ನು ಡಬ್ಬಿಯ ಮೇಲೆ ಹೇಳಿದ್ದರ ಕಾಲು ಭಾಗ ಹಾಕು.

ಬಳ್ಳಿಯನ್ನು ಕೆಳಗೆ ಇಳಿಬಿಡಬೇಕೋ ಮೇಲೆ ಹತ್ತಿಸಬೇಕೋ ಅನ್ನುವುದು ನಿನ್ನಿಷ್ಟ. ಇಳಿಬಿಟ್ಟರೆ ಎಲೆ ಚಿಕ್ಕದಾಗುತ್ತಾ ಹೋಗುತ್ತದೆ. ಹಿಡಿದುಕೊಳ್ಳಲು ಏನಾದರೂ ಸಿಕ್ಕಿದರೆ ದೊಡ್ಡದಾಗುತ್ತದೆ. ತೆಂಗಿನ ನಾರು ಸುತ್ತಿದ ಕೋಲು ನರ್ಸರಿಯಲ್ಲಿ ಸಿಗುತ್ತದೆ, ಮನೆಯಲ್ಲೂ ಸುತ್ತಿಕೊಳ್ಳಬಹುದು. ಗೆಣ್ಣಿನ ಬೇರು ಕೋಲಿನ ಕಡೆ ಇರುವಂತೆ ಸಡಿಲವಾಗಿ ಕಟ್ಟು, ನಾರಿನ ಮೇಲೆ ಆಗಾಗ ನೀರು ಚಿಮುಕಿಸು. ಒಣಗಿದ ಕೋಲನ್ನು ಬೇರು ಹಿಡಿಯುವುದಿಲ್ಲ. ನಿನ್ನ ಬಾಡಿಗೆ ಮನೆಯ ಗೋಡೆಗೆ ಮಾತ್ರ ಹತ್ತಿಸಬೇಡ. ಬಿಡಿಸಿದಾಗ ಬಣ್ಣವೂ ಜೊತೆಗೆ ಬರುತ್ತದೆ, ಮಾಲೀಕರು ಅಡ್ವಾನ್ಸಿನಲ್ಲಿ ಮುರಿದುಕೊಳ್ಳುತ್ತಾರೆ. ಇಳಿಬಿಟ್ಟ ಬಳ್ಳಿಯ ಬುಡ ಬೋಳಾದರೆ ತುದಿ ಚಿವುಟು, ಚಿವುಟಿದ ತುಂಡುಗಳನ್ನು ಅದೇ ಕುಂಡದಲ್ಲಿ ನೆಡು, ತುಂಬಿಕೊಳ್ಳುತ್ತದೆ.

ಗಾಳಿ ಶುದ್ಧ ಮಾಡುತ್ತದೆ ಅಂತ ಹೇಳಿಯೇ ನಿನಗೆ ಇದನ್ನು ಮಾರಿದರಂತೆ. ಆ ಮಾತಿನ ಮೂಲ ಅಮೆರಿಕದ ನಾಸಾ 1989ರಲ್ಲಿ ಪ್ರಕಟಿಸಿದ ಒಂದು ಅಧ್ಯಯನ. ಗಾಳಿಯಾಡದ ಸಣ್ಣ ಪೆಟ್ಟಿಗೆಯಲ್ಲಿ ಗಿಡವಿಟ್ಟು, ಬೆಂಜೀನ್, ಫಾರ್ಮಾಲ್ಡಿಹೈಡ್ ಬಿಟ್ಟು, ಎಷ್ಟು ಕಡಿಮೆಯಾಗುತ್ತದೆ ಅಂತ ಅಳೆದರು. ಕಡಿಮೆಯಾದದ್ದು ನಿಜ. ಆದರೆ ಬಾಹ್ಯಾಕಾಶ ನೌಕೆಯಂಥ ಮುಚ್ಚಿದ ಜಾಗಕ್ಕಾಗಿ ಮಾಡಿದ ಪ್ರಯೋಗವನ್ನು ಕಿಟಕಿ ಬಾಗಿಲಿರುವ ಮನೆಗೆ ತಂದು ಅಂಟಿಸಿದರು. 2019ರಲ್ಲಿ ಡ್ರೆಕ್ಸೆಲ್ ವಿಶ್ವವಿದ್ಯಾಲಯದ ಇಬ್ಬರು ಇಂಥ ಹಳೇ ಪ್ರಯೋಗಗಳನ್ನೆಲ್ಲ ಒಟ್ಟುಹಾಕಿ ಲೆಕ್ಕ ಮಾಡಿದಾಗ, ಮಾಮೂಲಿ ಗಾಳಿ ಓಡಾಟ ಮಾಡುವ ಕೆಲಸವನ್ನು ಗಿಡಗಳೇ ಮಾಡಬೇಕಾದರೆ ಪ್ರತಿ ಚದರ ಮೀಟರಿಗೆ 10ರಿಂದ 1,000 ಗಿಡ ಬೇಕು ಅಂತ ಬಂತು. ನಿನ್ನ ಹತ್ತಡಿ–ಹನ್ನೆರಡಡಿ ಕೋಣೆ ಸುಮಾರು 11 ಚದರ ಮೀಟರ್. ಕನಿಷ್ಠ ಲೆಕ್ಕ ಹಿಡಿದರೂ ನೂರು ಕುಂಡ ದಾಟಿತು, ಆಮೇಲೆ ನೀನು ಎಲ್ಲಿ ಮಲಗುತ್ತೀಯ? ಗಾಳಿ ಬೇಕಾದರೆ ಕಿಟಕಿ ತೆಗೆ. ಗಿಡವನ್ನು ಹಸಿರು ನೋಡುವ ಆಸೆಗೆ ಇಟ್ಟುಕೋ, ಆ ಕಾರಣ ಸಣ್ಣದೇನೂ ಅಲ್ಲ.

ವಾಸ್ತು ಬಗ್ಗೆ ನಿನ್ನ ಅತ್ತೆ ಹೇಳಿದ್ದಕ್ಕೆ ನಾನು ಅಡ್ಡ ಬರುವುದಿಲ್ಲ. ಆಗ್ನೇಯ ಮೂಲೆಯಲ್ಲೇ ಇರಬೇಕು ಅಂದರೆ ಇರಲಿ, ಆ ಮೂಲೆಯಲ್ಲಿ ಕಿಟಕಿ ಇದೆಯೋ ಅಂತ ಮಾತ್ರ ನೋಡು. ಇಲ್ಲದಿದ್ದರೆ ಎರಡು ಕುಂಡ ಮಾಡಿ ಹದಿನೈದು ದಿನಕ್ಕೊಮ್ಮೆ ಒಂದನ್ನು ಆಗ್ನೇಯಕ್ಕೆ, ಇನ್ನೊಂದನ್ನು ಬೆಳಕಿಗೆ ಅದಲುಬದಲು ಮಾಡು. ಅತ್ತೆಗೂ ಸಮಾಧಾನ, ಗಿಡಕ್ಕೂ ಸಮಾಧಾನ. ಬಳ್ಳಿ ನೆಲ ಮುಟ್ಟಬಾರದು ಅನ್ನುವುದನ್ನು ಪಾಲಿಸಿದರೆ ಗುಡಿಸಲೂ ಅನುಕೂಲ. ಕದ್ದು ತಂದರೇ ಚೆನ್ನಾಗಿ ಬರುವುದು ಅನ್ನುವ ಮಾತಿದೆಯಲ್ಲ, ಕದಿಯುವವರು ಸೊರಗಿದ ಕುಡಿ ಮುರಿಯುವುದಿಲ್ಲ, ಚೆನ್ನಾಗಿರುವುದನ್ನೇ ನೋಡಿ ಮುರಿಯುತ್ತಾರೆ, ಬಾರದೆ ಏನು? ಪಕ್ಕದ ಮನೆಯವರನ್ನು ಕೇಳಿದರೆ ಅದೇ ಕುಡಿ ಕೊಡುತ್ತಾರೆ, ಒಂದು ಲೋಟ ಕಾಫಿಯನ್ನೂ ಕೊಡುತ್ತಾರೆ.

ನಿನ್ನ ಮನೆಯ ಬೆಕ್ಕಿನ ವಿಷಯ ಮರೆಯುತ್ತಿದ್ದೆ. ಮನಿ ಪ್ಲಾಂಟ್ ನಮ್ಮ ಕೆಸು, ಸುವರ್ಣಗೆಡ್ಡೆಯ ಕುಟುಂಬದ್ದೇ. ಹುಳಿ ಸಾಲದೆ ಪತ್ರೊಡೆ ಮಾಡಿದಾಗ ಗಂಟಲು ತುರಿಸುತ್ತದಲ್ಲ, ಅದಕ್ಕೆ ಕಾರಣವಾದ ಕ್ಯಾಲ್ಸಿಯಂ ಆಕ್ಸಲೇಟಿನ ಸೂಜಿಯಂಥ ಹರಳುಗಳು ಇದರ ಎಲೆ, ಕಾಂಡದಲ್ಲೂ ಇವೆ. ಬೆಕ್ಕು ನಾಯಿ ಅಗಿದರೆ ಬಾಯಿ ಉರಿದು ಜೊಲ್ಲು ಸುರಿಸುತ್ತವೆ, ವಾಂತಿ ಮಾಡುತ್ತವೆ. ಸಾಮಾನ್ಯವಾಗಿ ಜೀವಕ್ಕೆ ಅಪಾಯವಿಲ್ಲ, ಬಾಯಿ ಒರೆಸಿ ನೀರು ಕುಡಿಸಿ ಪಶುವೈದ್ಯರಿಗೆ ತೋರಿಸು. ಅಂಬೆಗಾಲಿಡುವ ಮಗು ಮನೆಗೆ ಬಂದ ದಿನವೂ ಇದೇ ಜಾಗ್ರತೆ. ಇಳಿಬಿದ್ದ ಬಳ್ಳಿ ಬೆಕ್ಕಿಗೆ ಆಟದ ಹಗ್ಗ, ಆದ್ದರಿಂದ ನಿನ್ನ ಮನೆಯಲ್ಲಿ ಎತ್ತರದ ಜಾಗ ಅಥವಾ ಕೋಲೇ ಸರಿ. ಕತ್ತರಿಸಿದ ಮೇಲೆ ಕೈ ತೊಳೆ, ಆ ರಸದ ಕೈಯಲ್ಲಿ ಕಣ್ಣು ಉಜ್ಜಬೇಡ.

ಹದಿನೈದು ದಿನಕ್ಕೊಮ್ಮೆ ಒದ್ದೆ ಬಟ್ಟೆಯಿಂದ ಎಲೆಯ ಎರಡೂ ಬದಿ ಒರೆಸು. ಪೇಟೆಯ ಧೂಳು ಕೂತರೆ ಎಲೆಗೆ ಬೆಳಕು ತಾಗುವುದಿಲ್ಲ. ಹೊಳಪಿಗೆ ಅಂತ ತೆಂಗಿನೆಣ್ಣೆ ಸವರುವುದು ಬೇಡ, ಎಲೆಯ ರಂಧ್ರ ಮುಚ್ಚುತ್ತದೆ. ಒರೆಸುವಾಗ ತೊಟ್ಟಿನ ಸಂದಿನಲ್ಲಿ ಬಿಳೀ ಹತ್ತಿಯಂಥದ್ದು ಕಂಡರೆ ಅದು ಹಿಟ್ಟು ತಿಗಣೆ. ಹತ್ತಿಗೆ ಸ್ಪಿರಿಟ್ ಅದ್ದಿ ಒಂದೊಂದನ್ನೇ ತೆಗೆ, ಆಮೇಲೆ ಒಂದು ಲೀಟರ್ ನೀರಿಗೆ ಒಂದು ಟೀ ಚಮಚ ಬೇವಿನೆಣ್ಣೆ, ನಾಲ್ಕು ಹನಿ ಪಾತ್ರೆ ತೊಳೆಯುವ ಸೋಪು ಕಲಸಿ ಸಂಜೆ ಹೊತ್ತು ಸಿಂಪಡಿಸು. ವಾರ ಬಿಟ್ಟು ಇನ್ನೊಮ್ಮೆ. ಹೊಸ ಗಿಡ ತಂದಾಗ ಒಂದೆರಡು ವಾರ ಬೇರೆಯೇ ಇಟ್ಟರೆ ಇದ್ಯಾವ ರಗಳೆಯೂ ಇರುವುದಿಲ್ಲ.

ದೀಪಾವಳಿಗೆ ಊರಿಗೆ ಬರುವಾಗ ಕುಂಡಕ್ಕೆ ಚೆನ್ನಾಗಿ ನೀರು ಹಾಕಿ, ಬಸಿದು, ಕಿಟಕಿಯಿಂದ ಸ್ವಲ್ಪ ಒಳಗೆ ಸರಿಸಿ ಬಾ. ಹತ್ತು ದಿನ ಏನೂ ಆಗುವುದಿಲ್ಲ. ಬಾಟಲಿಯ ಬಳ್ಳಿಯನ್ನು ಪಕ್ಕದವರಿಗೆ ಕೊಟ್ಟು, ಬಾಟಲಿ ತೊಳೆದು ಬೋರಲು ಹಾಕಿ ಬಾ. ಮತ್ತೆ, ಕತ್ತರಿಸಿ ಉಳಿದ ತುಂಡುಗಳನ್ನು ಚೀಲದಲ್ಲಿ ತಂದು ನಮ್ಮ ಕಾನಿನ ಅಂಚಿಗೆ ಎಸೆಯಬೇಡ. ಒಂದು ಗೆಣ್ಣು ನೆಲಕ್ಕೆ ತಾಗಿದರೆ ಸಾಕು, ಅದು ಮರ ಹುಡುಕಿಕೊಂಡು ಹೋಗುತ್ತದೆ. ಶ್ರೀಲಂಕಾದಲ್ಲಿ, ಹವಾಯಿಯಲ್ಲಿ ಹೀಗೆ ಮನೆಯಿಂದ ಹೊರಬಿದ್ದ ಬಳ್ಳಿ ಕಾಡಿನ ನೆಲವನ್ನೆಲ್ಲ ಮುಚ್ಚಿ ಅಲ್ಲಿನ ಸಸಿ ಏಳದಂತೆ ಮಾಡಿದೆ. ತೋಟದಂಚಿನ ಮಾವಿನ ಮರದ್ದನ್ನೂ ವರ್ಷಕ್ಕೊಮ್ಮೆ ಕತ್ತಿ ಹಿಡಿದು ಸವರಿಸದಿದ್ದರೆ ಅದು ಪಕ್ಕದ ಹಲಸಿಗೆ ದಾಟುತ್ತದೆ. ಬೇಡವಾದ ತುಂಡುಗಳನ್ನು ಸಣ್ಣದಾಗಿ ಕತ್ತರಿಸಿ, ಬಾಲ್ಕನಿಯ ಬಿಸಿಲಿನಲ್ಲಿ ಗರಿಗರಿ ಒಣಗಿಸಿ, ಆಮೇಲೆ ಹಸಿ ಕಸಕ್ಕೆ ಹಾಕು.

ಬೇರು ತೊಳೆದ ಮೇಲೆ ಒಂದು ಫೋಟೊ ಕಳಿಸು, ಹತ್ತಿರದಿಂದ ತೆಗೆದದ್ದು. ಎಷ್ಟು ಕತ್ತರಿಸಬೇಕು ಅಂತ ನೋಡಿ ಹೇಳುತ್ತೇನೆ.

ನಿನ್ನ ದೊಡ್ಡಪ್ಪ